ಶೇಕಡಾವಾರು ಬೇಡ, ಹೆಸರು ಹೇಳಿ

ರೋಣ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿಗೆ ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಆರಿಸಿ ಬಂದೆ. ಮೊದಲ 30 ತಿಂಗಳು ಉಪಾಧ್ಯಕ್ಷೆಯಾಗಿದ್ದೆ, ಆಮೇಲೆ ಬರೀ ಸದಸ್ಯೆ. ಸಾಮಾಜಿಕ ನ್ಯಾಯ ಸಮಿತಿಯನ್ನು ಮಾತ್ರ ಬಿಡಲಿಲ್ಲ. ನಮ್ಮಲ್ಲಿ ರಸ್ತೆ, ಗಟಾರು, ಆಶ್ರಯ ಮನೆಗಳ ಹಂಚಿಕೆ ಎಂದರೆ ಎಲ್ಲ ಸದಸ್ಯರೂ ಮುಂದೆ ಬರುತ್ತಾರೆ. ಆರೋಗ್ಯ, ಅಂಗನವಾಡಿ, ಪಿಂಚಣಿ ಎಂದ ಕೂಡಲೇ ‘ಅದು ಇಲಾಖೆಯವರದು’ ಎಂದು ಕೈ ತೊಳೆದುಕೊಳ್ಳುತ್ತಾರೆ. ಅದರಲ್ಲಿ ಕಾಮಗಾರಿ ಇಲ್ಲ, ಬಿಲ್ಲು ಇಲ್ಲ, ಬೋರ್ಡಿನ ಮೇಲೆ ಹೆಸರೂ ಬರುವುದಿಲ್ಲ. ಯಾರಿಗೂ ಬೇಡವಾದ ಕಾರಣಕ್ಕೇ ಆ ಕೆಲಸ ನನ್ನ ಪಾಲಿಗೆ ಬಂತು.

‘ಇಲಾಖೆಯವರದು’ ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. ಅಂಗನವಾಡಿ ಕಾರ್ಯಕರ್ತೆ ಉತ್ತರ ಕೊಡಬೇಕಾದದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೇಲ್ವಿಚಾರಕಿಗೆ. ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ನರ್ಸ್ ತಾಲ್ಲೂಕು ಆರೋಗ್ಯಾಧಿಕಾರಿಯ ಕೆಳಗೆ ಬರುತ್ತಾರೆ. ಪಿಂಚಣಿ ಮಂಜೂರು ಮಾಡುವುದು ತಹಶೀಲ್ದಾರರ ಕಚೇರಿ. ಶಾಲೆಯ ಬಿಸಿಯೂಟ ಶಿಕ್ಷಣ ಇಲಾಖೆಯದು. ಇವರಲ್ಲಿ ಯಾರಿಗೂ ಪಂಚಾಯತಿ ಸಂಬಳ ಕೊಡುವುದಿಲ್ಲ, ಯಾರನ್ನೂ ವರ್ಗಾವಣೆ ಮಾಡಲಾರದು. ಆದರೆ ಇವರೆಲ್ಲ ಕುಡಿಯುವ ನೀರು, ನಡೆಯುವ ದಾರಿ, ಕಟ್ಟಡದ ಎದುರಿನ ಕಸ, ಎಷ್ಟೋ ಕಡೆ ಕಟ್ಟಡವೂ ಪಂಚಾಯತಿಯದೇ. ಇದನ್ನು ಅರ್ಥ ಮಾಡಿಕೊಂಡ ಮೇಲೆ ನನ್ನ ದಾರಿ ಸ್ವಲ್ಪ ಸುಲಭವಾಯಿತು.

ನಾವು ಆರಿಸಿ ಬಂದು ಕೆಲವೇ ತಿಂಗಳಲ್ಲಿ ಕೊರೊನಾದ ಎರಡನೆಯ ಅಲೆ ಬಂದಿತ್ತು. ಪಂಚಾಯತಿ ಮಟ್ಟದ ಕಾರ್ಯಪಡೆಯ ಹೆಸರಿನಲ್ಲಿ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ನರ್ಸ್, ಆಶಾ, ಅಂಗನವಾಡಿಯವರು, ಶಾಲೆಯ ಮುಖ್ಯ ಗುರುಗಳು, ಬೀಟ್ ಪೊಲೀಸ್ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕುಳಿತು ಮನೆ ಮನೆಯ ಪಟ್ಟಿ ಮಾಡಿದರು. ಅಲೆ ಇಳಿದ ಮೇಲೆ ಎಲ್ಲರೂ ತಮ್ಮ ತಮ್ಮ ಇಲಾಖೆಗೆ ಮರಳಿದರು. ಅವರನ್ನು ಮತ್ತೆ ಕೂರಿಸಲು ಹೊಸ ಸಮಿತಿಯೇನೂ ಬೇಕಿರಲಿಲ್ಲ. ಮೂರು ತಿಂಗಳಿಗೊಮ್ಮೆ ನಡೆಸಬೇಕಾದ ಪಂಚಾಯತಿ ಮಟ್ಟದ ಕೆಡಿಪಿ ಸಭೆ, ಅಂದರೆ ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲನೆಯ ಸಭೆ, ಮೊದಲೇ ಇತ್ತು. ನಮ್ಮಲ್ಲಿ ಅದು ಚಹಾ, ಚುರುಮುರಿ, ಸಹಿಯಲ್ಲಿ ಮುಗಿಯುತ್ತಿತ್ತು.

ಆ ಸಭೆಯಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ಶೇಕಡಾ ಓದುತ್ತಿದ್ದರು. ಲಸಿಕೆ ಶೇ 98, ಗರ್ಭಿಣಿಯರ ನೋಂದಣಿ ಶೇ 100, ತೂಕ ಮಾಡಿದ ಮಕ್ಕಳು ಶೇ 100. ಕೇಳಿದವರು ತಲೆದೂಗುತ್ತಿದ್ದರು. ನಾನು ಒಂದೇ ಬದಲಾವಣೆ ಮಾಡಿಸಿದೆ. ಶೇಕಡಾವಾರು ಬೇಡ, ಉಳಿದವರ ಹೆಸರು ಹೇಳಿ ಎಂದೆ. ಶೇ 98 ಎಂದರೆ ಬಿಟ್ಟುಹೋದ ಮಕ್ಕಳು ಯಾರು, ಯಾವ ಓಣಿಯವರು, ಯಾಕೆ ಬಿಟ್ಟುಹೋದರು? ಮುಂದಿನ ತಿಂಗಳು ಒಂಬತ್ತು ತುಂಬುವವರು ಯಾರು, ಹೆರಿಗೆಗೆ ಎಲ್ಲಿಗೆ ಹೋಗುತ್ತಾರೆ, ರಾತ್ರಿ ನೋವು ಬಂದರೆ ಜೊತೆಗೆ ಯಾರು ಹೋಗುತ್ತಾರೆ? ಸಂಖ್ಯೆಗೆ ಉತ್ತರ ಕೊಡುವುದು ಮೇಲಧಿಕಾರಿಗೆ, ಹೆಸರಿಗೆ ಉತ್ತರ ಕೊಡುವುದು ಊರಿಗೆ. ಹೆಸರು ಬಂದ ಕೂಡಲೇ ಸಭೆಯಲ್ಲಿದ್ದ ಯಾವನೋ ಸದಸ್ಯ ‘ಅವರು ನಮ್ಮ ಮಗ್ಗುಲ ಮನೆಯವರು, ನಾನು ಹೇಳುತ್ತೇನೆ’ ಎನ್ನುತ್ತಿದ್ದ. ಅರ್ಧ ಕೆಲಸ ಅಲ್ಲೇ ಆಗುತ್ತಿತ್ತು.

ಒಂದು ಎಚ್ಚರಿಕೆಯನ್ನು ಮಾತ್ರ ಮೊದಲಿನಿಂದ ಇಟ್ಟುಕೊಂಡೆವು. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆ, ಮದುವೆಯಾಗದವರ ಬಸಿರು, ಇವುಗಳ ಹೆಸರನ್ನು ಸಭೆಯಲ್ಲಿ ಕೇಳುವಂತಿಲ್ಲ. ನಮ್ಮ ಊರಿನಲ್ಲಿ ಸಭೆಯ ಮಾತು ಸಂಜೆಗೆ ಚಹಾದಂಗಡಿಗೆ ತಲುಪುತ್ತದೆ.

ಇನ್ನೊಂದು ಜಾಣತನ ನಾನಾಗಿಯೇ ಕಲಿತದ್ದು. ಪಂಚಾಯತಿ ಬೇರೆಯವರನ್ನು ಪ್ರಶ್ನಿಸುವ ಮೊದಲು ತನ್ನ ಲೆಕ್ಕ ಒಪ್ಪಿಸಬೇಕು. ಅದಕ್ಕಾಗಿ ಕೆಡಿಪಿ ಸಭೆಯ ಮೊದಲ ವಿಷಯವಾಗಿ ಕುಡಿಯುವ ನೀರನ್ನು ಇಟ್ಟೆವು. ಗದಗ ಜಿಲ್ಲೆಯಲ್ಲಿ ನೀರಿನ ಮಾತು ಬಂದರೆ ಎಲ್ಲರೂ ಫ್ಲೋರೈಡ್ ಎನ್ನುತ್ತಾರೆ. ಅದು ಖರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಕೊಳವೆಬಾವಿಗಳು ನಮ್ಮ ಭಾಗದಲ್ಲಿ ಬಹಳ ಇವೆ, ಮುಂಡರಗಿಯ ಕಡೆ ಹಲ್ಲು ಕಂದಾದ ಮಕ್ಕಳನ್ನು ಯಾರೂ ನೋಡಬಹುದು. ಆದರೆ ಊರಿನಲ್ಲಿ ವಾಂತಿ ಭೇದಿ ಹಚ್ಚುವುದು ಫ್ಲೋರೈಡ್ ಅಲ್ಲ, ಗಟಾರಿನೊಳಗೆ ಹಾದುಹೋದ ಒಡೆದ ಪೈಪು. ಜಲ ಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟು ಕಿಟ್ ಕೊಡುತ್ತಾರೆ. ನಮ್ಮ ಕಿಟ್ ಪಂಚಾಯತಿಯ ಕಪಾಟಿನಲ್ಲಿ ಮೇಣದ ಸೀಲು ಸಹ ಒಡೆಯದೆ ಕುಳಿತಿತ್ತು. ಅದರಲ್ಲಿನ ಸಣ್ಣ ಸೀಸೆಗೆ ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಬಿಟ್ಟರೆ, ಮಲದ ಸೋಂಕು ಇದ್ದ ನೀರು ಕಪ್ಪಾಗುತ್ತದೆ. ಮೂರು ಓಣಿಯ ನಲ್ಲಿಗಳಿಂದ ನೀರು ತುಂಬಿ, ಸೀಸೆಗಳನ್ನು ಅಧ್ಯಕ್ಷರ ಮೇಜಿನ ಮೇಲೆಯೇ ಇಟ್ಟೆವು. ಕೆಳಗಿನ ಓಣಿಯ ಸೀಸೆ ಡಾಂಬರಿನ ಹಾಗೆ ಕಪ್ಪಾಯಿತು. ನೀರುಗಂಟಿ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಅಕ್ಕಾವರೇ, ಬ್ಲೀಚಿಂಗ್ ಪೌಡರ್ ನಾನು ಹಾಕಿಯೇ ಹಾಕುತ್ತೇನೆ’ ಎಂದ. ಹಾಕುತ್ತಿದ್ದ, ನಿಜ. ಟಾಕಿಯಲ್ಲಿ ಕ್ಲೋರಿನ್ ಇತ್ತು, ಕೊನೆಯ ನಲ್ಲಿಯಲ್ಲಿ ಇರಲಿಲ್ಲ. ನಡುವೆ ಎಲ್ಲೋ ಗಟಾರಿನ ನೀರು ಸೇರುತ್ತಿತ್ತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂಬ ನಿಯಮವಿತ್ತು, ಆ ಹಣದಲ್ಲಿ ಅಷ್ಟುದ್ದದ ಪೈಪು ಬದಲಾಯಿತು. ಆ ದಿನದಿಂದ ನರ್ಸ್ ಮತ್ತು ಅಂಗನವಾಡಿಯವರು ನನ್ನ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವುದು ಕಡಿಮೆಯಾಯಿತು.

ತಾಂಡಾದ ಅಂಗನವಾಡಿಯ ಕಥೆ ಸ್ವಲ್ಪ ಉದ್ದ. ನಮ್ಮ ಪಂಚಾಯತಿಗೆ ಸೇರಿದ ಲಂಬಾಣಿ ತಾಂಡಾದಿಂದ ದೀಪಾವಳಿ ಮುಗಿದ ಮೇಲೆ ಜನ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುತ್ತಾರೆ. ಮಕ್ಕಳಲ್ಲಿ ಕೆಲವರು ಅಪ್ಪ ಅವ್ವನ ಜೊತೆ ಹೋಗುತ್ತಾರೆ, ಕೆಲವರು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಆದರೂ ಅಲ್ಲಿನ ತೂಕದ ವರದಿಯಲ್ಲಿ ತೀವ್ರ ಅಪೌಷ್ಟಿಕ ಮಗು ಒಂದೂ ಇರುತ್ತಿರಲಿಲ್ಲ. ನನಗೆ ಅದು ಕಣ್ಣಿಗೆ ಕಂಡದ್ದಕ್ಕೆ ಹೊಂದುತ್ತಿರಲಿಲ್ಲ. ತೂಕ ಮಾಡುವ ದಿನ ಸುಮ್ಮನೆ ಹೋಗಿ ಒಂದು ಮೂಲೆಯಲ್ಲಿ ಕುಳಿತೆ. ತೂಕದ ಯಂತ್ರವನ್ನು ಇಟ್ಟಿದ್ದು ಎದ್ದು ಬಿದ್ದ ಶಹಾಬಾದ್ ಕಲ್ಲಿನ ನೆಲದ ಮೇಲೆ. ಒಂದು ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಅದೇ ಮಗುವನ್ನು ಎರಡು ಸಲ ನಿಲ್ಲಿಸಿದರೆ ಎರಡು ತೂಕ. ಸೆಲ್ ಇಳಿದಿದ್ದರಿಂದ ಅಂಕಿ ಮೂಡಿ ಮೂಡಿ ಅಳಿಯುತ್ತಿತ್ತು. ಕಾರ್ಯಕರ್ತೆ ಏನು ಮಾಡಬೇಕು? ಮೊಬೈಲಿನ ಪೋಷಣ್ ಟ್ರ್ಯಾಕರ್ ಎಂಬ ಅಂಗನವಾಡಿ ಆ್ಯಪ್‌ನಲ್ಲಿ ಸಂಜೆಯೊಳಗೆ ಅಂಕಿ ತುಂಬಲೇಬೇಕು, ನೆಟ್‌ವರ್ಕ್ ಸಿಗಬೇಕಾದರೆ ಗುಡಿಯ ಕಟ್ಟೆಗೆ ಹೋಗಬೇಕು. ಹಿಂದಿನ ತಿಂಗಳ ತೂಕಕ್ಕೆ ಇನ್ನೂರು ಗ್ರಾಂ ಸೇರಿಸಿ ಬರೆಯುತ್ತಿದ್ದಳು.

ನಾನು ಅವಳ ಮೇಲೆ ವರದಿ ಬರೆಯಬಹುದಿತ್ತು. ಅದರಿಂದ ಅವಳಿಗೆ ನೋಟಿಸ್ ಬರುತ್ತಿತ್ತೇ ಹೊರತು ನೆಲ ಸಮವಾಗುತ್ತಿರಲಿಲ್ಲ. ನೆಲ ಪಂಚಾಯತಿಯ ಕೆಲಸ. ಅದನ್ನು ಸರಿ ಮಾಡಿಸಿ, ಸೆಲ್ ಹಾಕಿಸಿ, ಮುಂದಿನ ಸಲ ನರ್ಸ್ ಕೂಡ ಬರುವಂತೆ ನೋಡಿಕೊಂಡೆವು. ಅವರ ಬಳಿ ತೋಳಿನ ಸುತ್ತಳತೆ ಅಳೆಯುವ ಬಣ್ಣದ ಪಟ್ಟಿ ಇತ್ತು. ಆರು ತಿಂಗಳು ದಾಟಿ ಐದು ವರ್ಷ ತುಂಬದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಪಟ್ಟಿ ಕೆಂಪು ತೋರಿಸುತ್ತದೆ. ಇದಕ್ಕೆ ಸೆಲ್ಲೂ ಬೇಡ, ನೆಟ್‌ವರ್ಕೂ ಬೇಡ. ಆವತ್ತು ಒಂದು ಮಗುವಿಗೆ ಕೆಂಪು ಕಂಡಿತು.

ಆ ಮಗುವನ್ನು ಗದಗಿನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು, ಸುಮಾರು 14 ದಿನ ತಾಯಿಯೂ ಅಲ್ಲೇ ಇರಬೇಕು. ಊಟ, ಔಷಧ ಉಚಿತ, ತಾಯಿಗೆ ಕೂಲಿ ನಷ್ಟಕ್ಕೆ ಭತ್ಯೆಯೂ ಇದೆ. ತಾಯಿ ಒಪ್ಪಿದಳು, ಅತ್ತೆ ಒಪ್ಪಲಿಲ್ಲ. ಕಡಲೆ ಕೀಳುವ ದಿನಗಳು. ‘ಇವಳು ಹೋಗಿ ಆಸ್ಪತ್ರೆಯಲ್ಲಿ ಕುಳಿತರೆ ಇನ್ನೆರಡು ಮಕ್ಕಳಿಗೆ ರೊಟ್ಟಿ ಯಾರು ಬಡಿಯಬೇಕು? ನೀವು ಬಡಿಯುತ್ತೀರಾ ಅಕ್ಕಾ?’ ಎಂದಳು ಆ ಮುದುಕಿ. ಅದು ಸೊಕ್ಕಿನ ಮಾತಲ್ಲ, ಸರಿಯಾದ ಲೆಕ್ಕ. ಯಾವ ಇಲಾಖೆಯ ನಮೂನೆಯಲ್ಲೂ ಆ ಲೆಕ್ಕಕ್ಕೆ ಕಾಲಂ ಇಲ್ಲ. ಸ್ತ್ರೀಶಕ್ತಿ ಸಂಘದವರ ಜೊತೆ ಮಾತಾಡಿ, ದೊಡ್ಡ ಮಗುವಿಗೆ ಶಾಲೆಯಲ್ಲಿ, ನಡುವಿನದಕ್ಕೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಗಟ್ಟಿ ಮಾಡಿ, ರಾತ್ರಿಯ ರೊಟ್ಟಿಯನ್ನು ಸಂಘದ ಇಬ್ಬರು ಪಾಳಿಯ ಮೇಲೆ ನೋಡಿಕೊಳ್ಳುವುದೆಂದು ಮಾಡಿದೆವು. ಆಮೇಲೆ ಅತ್ತೆಯೇ ಬಸ್ ನಿಲ್ದಾಣದವರೆಗೆ ಚೀಲ ಹೊತ್ತು ಬಂದಳು.

ಗುಳೆ ಹೋಗುವವರಿಗಾಗಿ ನಾವು ಮಾಡಿದ್ದು ಸಣ್ಣ ಕೆಲಸ. ದೀಪಾವಳಿಗೆ ಮುಂಚೆ ಆಶಾ ಕಾರ್ಯಕರ್ತೆ ತಾಂಡಾದ ಮನೆಗಳಿಗೆ ಹೋಗಿ ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಎಂದು ನೋಡುತ್ತಾಳೆ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸು ಒಂಬತ್ತು ತಿಂಗಳಿಗೆ, ಎರಡನೆಯದು ಹದಿನಾರಕ್ಕೆ. ಇವೇ ಹೆಚ್ಚಾಗಿ ತಪ್ಪುತ್ತಿದ್ದವು. ಲಸಿಕೆ ಬರೆದಿಡುವ ‘ತಾಯಿ ಕಾರ್ಡ್’ ಅನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಹೋಗಬೇಡಿ, ಚೀಲದಲ್ಲಿ ಇಟ್ಟುಕೊಳ್ಳಿ, ಗೋವಾದ ವಾಸ್ಕೋದ ಸರ್ಕಾರಿ ಆಸ್ಪತ್ರೆಯಲ್ಲೂ ಅದೇ ಲಸಿಕೆ ಪುಕ್ಕಟೆ ಹಾಕುತ್ತಾರೆ ಎಂದು ಹೇಳುವುದೇ ಮುಖ್ಯ. ಕಾರ್ಡಿನ ಫೋಟೋ ತೆಗೆದು ಗಂಡನ ಮೊಬೈಲಿನಲ್ಲೂ ಇಡಿಸುತ್ತೇವೆ.

ಕ್ಷಯದ ವಿಷಯದಲ್ಲಿ ನನಗೂ ಕೆಲವು ಅಧಿಕಾರಿಗಳಿಗೂ ಹೊಂದಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ‘ಕ್ಷಯಮುಕ್ತ ಪಂಚಾಯತಿ’ ಯೋಜನೆ ತಂದಿತು. ಸಾವಿರ ಜನಸಂಖ್ಯೆಗೆ ವರ್ಷಕ್ಕೆ ಕನಿಷ್ಠ 30 ಶಂಕಿತರ ಪರೀಕ್ಷೆಯಾಗಬೇಕು, ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ರೋಗಿ ಇರಬಾರದು. ಇಂಥ ಮಾನದಂಡಗಳನ್ನು ಮುಟ್ಟಿದ ಪಂಚಾಯತಿಗೆ ಪ್ರಮಾಣಪತ್ರ ಮತ್ತು ಗಾಂಧೀಜಿಯ ಪ್ರತಿಮೆ ಸಿಗುತ್ತದೆ. ಮೊದಲನೆಯ ಷರತ್ತು ಒಳ್ಳೆಯದು, ಹುಡುಕಲು ಹೇಳುತ್ತದೆ. ಎರಡನೆಯದು ಹುಡುಕಿದವನಿಗೆ ದಂಡ ಹಾಕುತ್ತದೆ. ಪ್ರಶಸ್ತಿಯ ಆಸೆಗೆ ಕೆಮ್ಮುವವನನ್ನು ‘ಮುಂದಿನ ವರ್ಷ ನೋಡೋಣ’ ಎಂದು ಬಿಟ್ಟರೆ ಅವನ ಮನೆಯಲ್ಲಿ ಇನ್ನಿಬ್ಬರಿಗೆ ಹರಡುತ್ತದೆ. ನಮಗೆ ಪ್ರತಿಮೆ ಬೇಡ, ಎರಡು ವಾರ ಕೆಮ್ಮಿದವರೆಲ್ಲರ ಕಫ ಪರೀಕ್ಷೆ ಬೇಕು ಎಂದು ಸಮಿತಿಯಲ್ಲಿ ಠರಾವು ಬರೆಸಿದೆ. ಪಿಡಿಒ ‘ಇದನ್ನು ನಡಾವಳಿಯಲ್ಲಿ ಬರೆಯಲೇಬೇಕಾ ಮೇಡಂ?’ ಎಂದರು. ಬರೆಯಲೇಬೇಕು ಎಂದೆ. ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುವ ಹಣ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಅದು ಅವರ ಖಾತೆಗೆ ಬಂದಿದೆಯೇ ಎಂದು ನರ್ಸ್ ಒಬ್ಬರೇ ಕೇಳಿ ತಿಳಿದುಕೊಂಡು, ಬಾರದಿದ್ದವರ ಸಂಖ್ಯೆಯನ್ನಷ್ಟೇ ನನಗೆ ಹೇಳುತ್ತಿದ್ದರು.

ಹಣದ ಮಾತು ಬಂತು. ಪ್ರತಿ ಹಳ್ಳಿಯ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇದೆ. ಸಮಿತಿಗೆ ಪಂಚಾಯತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಬಹಳ ಊರುಗಳಲ್ಲಿ ಈ ಹಣ ಮಾರ್ಚ್ ಕೊನೆಯ ವಾರದಲ್ಲಿ ಫಿನೈಲ್, ಪೊರಕೆ, ಗೋಡೆ ಬರಹವಾಗಿ ಕರಗುತ್ತದೆ. ನಾವು ಅದರಲ್ಲಿ ಒಂದು ಭಾಗವನ್ನು ರಾತ್ರಿ ಹೊತ್ತು ಆಂಬುಲೆನ್ಸ್ ತಡವಾದಾಗ ಆಟೊ ಬಾಡಿಗೆಗೆಂದು ಎತ್ತಿಟ್ಟೆವು. ಖರ್ಚಿನ ಪಟ್ಟಿಯನ್ನು ಉಪಕೇಂದ್ರದ ಬಾಗಿಲಿಗೆ ಅಂಟಿಸಿದೆವು. ಅದರಿಂದ ಲೆಕ್ಕದ ಬಗ್ಗೆ ಗುಸುಗುಸು ನಿಂತಿತು.

ಪಿಂಚಣಿಯ ವಿಷಯದಲ್ಲಿ ಪಂಚಾಯತಿಗೆ ಇರುವ ಜಾಗ ಇನ್ನೂ ಇಕ್ಕಟ್ಟು. ಸಂಧ್ಯಾ ಸುರಕ್ಷಾ ಆಗಲಿ, ವಿಧವಾ ವೇತನವಾಗಲಿ, ನಿಂತುಹೋದದ್ದು ಮುದುಕರಿಗೆ ಗೊತ್ತಾಗುವುದು ಅಂಚೆ ಪೇದೆ ಬಾರದಿದ್ದಾಗ. ಕಾರಣ ಹೆಚ್ಚಾಗಿ ಆಧಾರ್ ಜೋಡಣೆ ಅಥವಾ ಹೆಸರಿನ ಕಾಗುಣಿತ. ಗ್ರಾಮ ಆಡಳಿತ ಅಧಿಕಾರಿಯನ್ನು ಗ್ರಾಮಸಭೆಗೆ ತಪ್ಪದೆ ಕರೆಸಿ, ನಿಂತವರ ಪಟ್ಟಿಯನ್ನು ಓದಿಸಿ, ಅವರ ಸಹಿ ಪಡೆಯುವುದಷ್ಟೇ ನಮ್ಮ ಕೈಯಲ್ಲಿತ್ತು. ಅಂಗವಿಕಲರ ವಿಷಯದಲ್ಲಿ ಪಂಚಾಯತಿಗೆ ಒಬ್ಬ ಪುನರ್ವಸತಿ ಕಾರ್ಯಕರ್ತ ಇರುತ್ತಾನೆ, ಶೇ 5ರಷ್ಟು ಅನುದಾನವೂ ಇರುತ್ತದೆ. ಆ ಹಣವನ್ನು ಹಂಚಿಬಿಡುವ ಬದಲು ಒಂದು ವರ್ಷ ಉಪಕೇಂದ್ರಕ್ಕೂ ಪಂಚಾಯತಿಗೂ ಇಳಿಜಾರು ಕಟ್ಟಿಸಿದೆವು. ಬೈದವರೂ ಇದ್ದರು.

ಈಗ ಉಳಿದಿರುವ ತಂಟೆ ಉಪಕೇಂದ್ರದ ನರ್ಸ್ ಹುದ್ದೆಯದು. ಮೊದಲಿದ್ದವರು ವರ್ಗವಾಗಿ ಹೋದರು, ಹುದ್ದೆ ಖಾಲಿ ಬಿತ್ತು. ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳುಹಿಸಿದರೆ ‘ನಿಯಮಾನುಸಾರ ಪರಿಶೀಲಿಸಲಾಗುವುದು’ ಎಂಬ ಉತ್ತರ. ಅದೇ ಠರಾವಿಗೆ ಲಸಿಕೆ ತಪ್ಪಿದ ಮಕ್ಕಳ ಮತ್ತು ಆ ತಿಂಗಳು ಹೆರಿಗೆಯಾಗಬೇಕಾದವರ ಎಣಿಕೆಯನ್ನು ಓಣಿವಾರು ಲಗತ್ತಿಸಿ, ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೂ ಪ್ರತಿ ಕಳುಹಿಸಿದ ಮೇಲೆ, ಪಕ್ಕದ ಉಪಕೇಂದ್ರದ ನರ್ಸ್ ವಾರಕ್ಕೆ ಎರಡು ದಿನ ಬರುವ ಆದೇಶವಾಯಿತು. ಸೋಮವಾರ ಮತ್ತು ಶನಿವಾರ. ನಮ್ಮಲ್ಲಿ ಲಸಿಕೆ ಹಾಕುವುದು ಗುರುವಾರ. ಸೋಮವಾರದ ಬದಲು ಗುರುವಾರ ಕೊಡಿ ಎಂದು ಹೊಸ ಠರಾವು ಹೋಗಿದೆ.