ನಾಳೆಗೆ ಏನು ಅಡಿಗೆ? ಹತ್ತು ನಿಮಿಷದ ಡೆಲಿವರಿ ಬಿಟ್ಟು ಗಾಂಧಿ ಬಜಾರಿಗೆ ಹೋಗಲು ಶುರು ಮಾಡಿದ ಮೇಲೆ

ಶುರುವಾಗಿದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪಿನಿಂದ. ರಾತ್ರಿ ಒಂಬತ್ತೂವರೆ ಆಗಿತ್ತು, ಜೋರು ಮಳೆ. ನಾನು ಆಫೀಸಿನ ಕಾಲ್‌ನಲ್ಲಿ ಕೂತೇ ಫೋನಿನಲ್ಲಿ ಆರ್ಡರ್ ಮಾಡಿದ್ದೆ. ಹುಡುಗ ತೊಪ್ಪೆಯಾಗಿ ಬಂದ. ಮೂರು ಮಹಡಿ ಹತ್ತಿ ಬಂದು ಕವರ್ ಕೊಟ್ಟವನು ನೀರು ಬೇಕಾ ಅಂತ ಕೇಳುವಷ್ಟರಲ್ಲಿ ಇಳಿದು ಹೋಗಿದ್ದ. ಒಳಗೆ ಹೋಗಿ ಫ್ರಿಜ್ ತೆಗೆದರೆ ಎರಡು ದಿನದ ಹಿಂದೆ ತರಿಸಿದ್ದ ಇನ್ನೊಂದು ಕಟ್ಟು ಹಾಗೇ ಇತ್ತು, ಅರ್ಧ ಕೊಳೆತು. ಅವತ್ತು ರಾತ್ರಿ ಹಳೆಯ ಆರ್ಡರ್‌ಗಳನ್ನು ಎಣಿಸಿದೆ. ಒಂದೇ ತಿಂಗಳಲ್ಲಿ 41. ನನಗೆ ನಿಜವಾಗಿಯೂ ಬೇಜಾರಾಯಿತು.

ಹಾಸನದ ಕಡೆಯ ಊರಿನಲ್ಲಿರುವ ನಮ್ಮಮ್ಮ ರಾತ್ರಿ ಫೋನ್ ಮಾಡಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ನಾಳೆಗೆ ಏನೋ ಅಡಿಗೆ?" ನನ್ನ ಉತ್ತರವೂ ಒಂದೇ: "ನೋಡಬೇಕಮ್ಮ." ಅಮ್ಮ ಅಷ್ಟೊತ್ತಿಗೆ ಕಾಳು ನೆನೆಹಾಕಿರುತ್ತಾಳೆ. ನಮ್ಮ ಮನೆಯಲ್ಲಿ ಕಾಳು ನೆನೆಹಾಕುವುದೇ ನಿಂತುಹೋಗಿತ್ತು, ಮೊಳಕೆ ಕಾಳು ಡಬ್ಬಿಯಲ್ಲಿ ಬರುತ್ತಿತ್ತಲ್ಲ. ಎಲ್ಲವೂ ಹತ್ತು ನಿಮಿಷಕ್ಕೆ ಸಿಕ್ಕರೆ ನಾಳೆಯ ಬಗ್ಗೆ ಯೋಚನೆ ಮಾಡುವ ಅಭ್ಯಾಸವೇ ತಪ್ಪಿಹೋಗುತ್ತದೆ. ಆಫೀಸಿನ ಕೆಲಸದಲ್ಲೂ ನನಗೆ ಅದೇ ಆಗಿತ್ತು. ಎಲ್ಲವೂ ಈಗಲೇ, ಎಲ್ಲವೂ ಅರ್ಜೆಂಟು.

ಮೊದಲು ಆಪ್ ಡಿಲೀಟ್ ಮಾಡಿದೆ. ನಾಲ್ಕೇ ದಿನಕ್ಕೆ ಮತ್ತೆ ಹಾಕಿಕೊಂಡೆ. ಸುಮ್ನೆ ಬಿಡುತ್ತೇನೆ ಅಂದರೆ ಆಗುವುದಿಲ್ಲ, ಅದರ ಜಾಗಕ್ಕೆ ಬೇರೆ ಏನಾದರೂ ಬೇಕು ಅಂತ ಆಗ ಅರ್ಥವಾಯಿತು. ಆಮೇಲೆ ಆಫೀಸಿನ ಕ್ಯಾಲೆಂಡರಿನಲ್ಲೇ ಬುಧವಾರ ಸಂಜೆ 6:30ರಿಂದ 7:30ರವರೆಗೆ ಗಾಂಧಿ ಬಜಾರಿಗೆ ಹೋಗಿ ಬರಲು ಸಮಯ ಹಿಡಿದಿಟ್ಟೆ. ಶನಿವಾರ ಬೆಳಿಗ್ಗೆ ಇನ್ನೊಂದು ಸಲ. ಬುಧವಾರ ಏನು ಅಂತ ಮ್ಯಾನೇಜರ್ ಕೇಳಿದರು. ತರಕಾರಿ ತರಲು ಹೋಗುತ್ತೇನೆ ಅಂದೆ. ಹೇಳುವಾಗ ಸಂಕೋಚವಾಯಿತು, ಆದರೆ ಸುಳ್ಳು ಹೇಳಿದ್ದರೆ ಒಂದೇ ತಿಂಗಳಲ್ಲಿ ಆ ಸಮಯ ಯಾವುದೋ ಮೀಟಿಂಗಿಗೆ ಹೋಗಿಬಿಡುತ್ತಿತ್ತು. ಒಂದು ಕಾಲ್ ಅರ್ಧ ಗಂಟೆ ಮುಂದಕ್ಕೆ ಹೋಯಿತು, ಅಷ್ಟೇ.

ಮೊದಲ ಎರಡು ವಾರ ಕಷ್ಟವಾಯಿತು. ಕಂಡದ್ದನ್ನೆಲ್ಲ ತಂದು, ಅರ್ಧ ಸೊಪ್ಪು ಹಾಳಾಯಿತು. ಅದನ್ನು ಸರಿ ಮಾಡಿದ್ದು ನಾನಲ್ಲ, ಬಜಾರಿನಲ್ಲಿ ಸೊಪ್ಪು ಮಾರುವ ಅಮ್ಮ. ಅವರು ಏನು ಕೊಡುವ ಮುಂಚೆಯೂ ಕೇಳುತ್ತಾರೆ, "ಇವತ್ತು ಮಾಡ್ತೀರೋ, ನಾಳೆಗೋ?" ಇವತ್ತಿಗಾದರೆ ಒಂದು ಕಟ್ಟು, ನಾಳೆಗಾದರೆ ಬೇರೆ ಕಟ್ಟು. ಪಕ್ಕದವರು ಟೊಮೆಟೊ ಆರಿಸುವಾಗಲೂ ಹಾಗೆಯೇ, ಹಣ್ಣಾದದ್ದು ಈ ಹೊತ್ತಿಗೆ, ಗಟ್ಟಿ ಇರುವುದು ಶುಕ್ರವಾರಕ್ಕೆ. ಈಗ ನಮ್ಮದು ಒಂದು ಕ್ರಮಕ್ಕೆ ಬಂದಿದೆ: ತಂದ ದಿನವೇ ದಂಟು ಅಥವಾ ಸಬ್ಬಸಿಗೆ, ಮರುದಿನ ಹೀರೇಕಾಯಿ, ಸೋರೆಕಾಯಿ, ಕೊನೆಗೆ ಗೆಡ್ಡೆ ಗೆಣಸು ಮತ್ತು ಕಾಳು. ಸೊಪ್ಪನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿಡಬೇಕು, ತೊಳೆದಿಟ್ಟರೆ ಬೇಗ ಕೊಳೆಯುತ್ತದೆ. ಇದೂ ಅವರೇ ಹೇಳಿಕೊಟ್ಟಿದ್ದು.

ಚೌಕಾಸಿ ಮಾಡಲು ನನಗೆ ಬರುವುದಿಲ್ಲ. ನನ್ನಂಥವರು ಮೊದಲು ಹಣ್ಣು, ತರಕಾರಿ ಮಾರುವ ಹಾಪ್‌ಕಾಮ್ಸ್ ಮಳಿಗೆಯ ಬೋರ್ಡಿನಲ್ಲಿ ಬರೆದ ದರ ನೋಡಿಕೊಂಡು ಮುಂದೆ ಹೋಗುವುದು ಒಳ್ಳೆಯದು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದಂತೆ ಅದು. ಎಂಟು ವರ್ಷ ಅದರ ಮುಂದೆಯೇ ಓಡಾಡಿದ್ದೆ, ರೈತರದೇ ಸಂಘ ಅಂತ ಗೊತ್ತಿರಲಿಲ್ಲ.

ನನಗೆ ತುಂಬಾ ಖುಷಿ ಕೊಟ್ಟದ್ದು ಯಾವ ಕಾಲಕ್ಕೆ ಏನು ಬರುತ್ತದೆ ಅಂತ ಗೊತ್ತಾಗಿದ್ದು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅದರ ಹಿಂದೆಯೇ ಮಾಗಡಿ ಕಡೆಯ ಅವರೆಕಾಯಿ ರಾಶಿ ಬೀಳುತ್ತದೆ, ಆ ಸೊಗಡು ಬೀದಿಯ ತುದಿಗೇ ಮೂಗಿಗೆ ಬಡಿಯುತ್ತದೆ. ಕಳೆದ ಡಿಸೆಂಬರಿನಲ್ಲಿ ಎರಡು ಕೆಜಿ ತಂದು, ನಾನು, ಹೆಂಡತಿ, ಮಗಳು ಟಿವಿ ಹಾಕದೆ ಕೂತು ಬಿಡಿಸಿದೆವು. ಬೆರಳೆಲ್ಲ ಅಂಟು. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತುಕಿದೆವು. ಬೇಳೆ ಪಿಚಕ್ಕಂತ ಹಾರಿದಾಗಲೆಲ್ಲ ಮಗಳು ನಗುತ್ತಿದ್ದಳು. ಅವಳು ನನ್ನ ಜೊತೆ ಅಷ್ಟು ಹೊತ್ತು ಸುಮ್ಮನೆ ಕೂತು ಮಾತಾಡಿ ಎಷ್ಟು ದಿನವಾಗಿತ್ತೋ.

ಇದರಲ್ಲಿ ಸಮಯ ಉಳಿಯುತ್ತದಾ? ಇಲ್ಲ. ವಾರಕ್ಕೆ ಎರಡು ಗಂಟೆ ಜಾಸ್ತಿಯೇ ಹೋಗುತ್ತದೆ. ಆದರೆ ಮೊದಲು ಉಳಿಯುತ್ತಿದ್ದ ಆ ಎರಡು ಗಂಟೆಯಲ್ಲಿ ನಾನು ಏನು ಮಾಡುತ್ತಿದ್ದೆ? ಇನ್ನೊಂದಿಷ್ಟು ಮೇಲ್ ನೋಡುತ್ತಿದ್ದೆ, ಅಷ್ಟೇ ಅಲ್ವಾ. ದುಡ್ಡು ಮಾತ್ರ ಉಳಿದಿದೆ, ಬೇಡದ್ದು ಬರುವುದು ನಿಂತಿರುವುದರಿಂದ.

ಡೆಲಿವರಿ ಹುಡುಗರ ಬಗ್ಗೆ ಒಂದು ಮಾತು. ನಾನು ಆರ್ಡರ್ ಮಾಡುವುದನ್ನು ಬಿಟ್ಟರೆ ಅವರಿಗೆ ಒಳ್ಳೆಯದಾಗುತ್ತದೆ ಅಂತ ನಾನು ಹೇಳಲಾರೆ, ಅದು ಅವರ ಹೊಟ್ಟೆಪಾಡು. 2025ರಲ್ಲಿ ನಮ್ಮ ರಾಜ್ಯ ಇವರಂತೆ ಆಪ್ ಮೂಲಕ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ, ಕಂಪನಿಗಳು 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಕಟ್ಟಬೇಕು ಅಂತ ಅದರಲ್ಲಿದೆ. ಅದು ಬೇಕೇ ಬೇಕಿತ್ತು. ಜ್ವರ ಬಂದಾಗ, ಔಷಧಿಗೆ ನಾವು ಈಗಲೂ ಆರ್ಡರ್ ಮಾಡುತ್ತೇವೆ. ಬಂದವರಿಗೆ ನೀರು ತಯಾರಾಗಿ ಇಟ್ಟುಕೊಂಡಿರುತ್ತೇವೆ.

ಮರೆಯುವುದು ಇದ್ದೇ ಇದೆ. ಹೋದ ತಿಂಗಳು ಬಸ್ಸಾರಿಗೆ ಎಲ್ಲ ಇಟ್ಟುಕೊಂಡ ಮೇಲೆ ನೋಡಿದರೆ ಹುಣಸೆಹಣ್ಣು ಖಾಲಿ. ಕೈ ಫೋನಿನ ಕಡೆ ಹೋಯಿತು. ಹೆಂಡತಿ ನನ್ನ ಕೈಗೆ ಒಂದು ಲೋಟ ಕೊಟ್ಟು ಮೇಲಿನ ಮನೆಗೆ ಕಳಿಸಿದಳು. ಎಂಟು ವರ್ಷದಲ್ಲಿ ನಾನು ಆ ಬಾಗಿಲು ತಟ್ಟಿದ್ದು ಅದೇ ಮೊದಲು. ಅಲ್ಲಿನ ಅಜ್ಜಿ ಒಂದು ಉಂಡೆ ಹುಣಸೆಹಣ್ಣು ಹಾಕಿ, "ಊರಿಂದ ಬಂದಿದ್ದು, ಹಳೇದು, ಸ್ವಲ್ಪ ಸಾಕು" ಅಂದರು. ಲೋಟ ಖಾಲಿ ವಾಪಸ್ ಕೊಡಬಾರದಲ್ಲ, ರಾತ್ರಿ ಅದರ ತುಂಬ ಬಸ್ಸಾರು ಹಾಕಿ ಮಗಳ ಕೈಲಿ ಕಳಿಸಿದೆವು.