ಹೃದಯ, ಮಧುಮೇಹ: ವೈದ್ಯರ ಓದು ರೋಗಿಯ ಫೈಲಿನಿಂದ ಶುರುವಾಗಲಿ

ಹೃದ್ರೋಗದ ಅಪಾಯ ಹೆಚ್ಚಿರುವ ಮಧುಮೇಹಿಗಳಲ್ಲಿ, ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿಯನ್ನು ಶೇ 6ಕ್ಕಿಂತ ಕೆಳಗೆ ಇಳಿಸಿದರೆ ಏನಾಗುತ್ತದೆ? ಇದನ್ನು ಪರೀಕ್ಷಿಸಿದ ಅಕಾರ್ಡ್ ಅಧ್ಯಯನದಲ್ಲಿ ಬಿಗಿ ಚಿಕಿತ್ಸೆ ಪಡೆದವರಲ್ಲೇ ಸಾವು ಹೆಚ್ಚಿತು. 2008ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2015ರಲ್ಲಿ, ಸಕ್ಕರೆ ಇಳಿಸಲು ಬಂದ ಎಂಪಾಗ್ಲಿಫ್ಲೋಜಿನ್ ಹೃದ್ರೋಗಿಗಳ ಸಾವನ್ನೂ ತಗ್ಗಿಸುತ್ತದೆ ಎಂದು ತಿಳಿಯಿತು. 2019ರ ಹೊತ್ತಿಗೆ ಅದೇ ಗುಂಪಿನ ಡಾಪಾಗ್ಲಿಫ್ಲೋಜಿನ್, ಮಧುಮೇಹವೇ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ನೆರವಾಗುವುದು ಕಂಡಿತು. ಇದಕ್ಕೂ ಮೊದಲು ವೈದ್ಯಕೀಯ ಓದಿದವರು ಇವನ್ನೆಲ್ಲ ಕೆಲಸ ಮಾಡುತ್ತಲೇ ಕಲಿಯಬೇಕಾಗಿದೆ. ದಿನವಿಡೀ ರೋಗಿಗಳನ್ನು ನೋಡುವ ಕುಟುಂಬ ವೈದ್ಯರಿಗೆ ಅದಕ್ಕೊಂದು ದಾರಿ ಇಲ್ಲಿದೆ.

ಮೊದಲು ನಿಮ್ಮದೇ ದಾಖಲೆ ತೆಗೆಯಿರಿ

ಕೋರ್ಸಿಗೆ ಹೆಸರು ನೋಂದಾಯಿಸುವ ಮುನ್ನ ಇತ್ತೀಚೆಗೆ ಬಂದ ಇಪ್ಪತ್ತು ಮಧುಮೇಹಿಗಳ ಫೈಲುಗಳನ್ನು ತೆಗೆದಿಡಿ. ಚೆನ್ನಾಗಿ ಗುಣ ಕಂಡವರನ್ನೇ ಆರಿಸಬೇಡಿ, ಬಂದ ಸರದಿಯಲ್ಲೇ ತೆಗೆಯಿರಿ. ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆಯಿರಿ: ಕಳೆದ ಆರು ತಿಂಗಳಲ್ಲಿ ಎಚ್‌ಬಿಎ1ಸಿ ಆಗಿದೆಯೇ? ರಕ್ತದೊತ್ತಡ ಎಷ್ಟಿತ್ತು, ಹೆಚ್ಚಿದ್ದರೆ ಔಷಧ ಬದಲಾಯಿತೇ? 40ರಿಂದ 75ರ ವಯಸ್ಸಿನವರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಕೊಟ್ಟಿದ್ದೀರಾ? ವರ್ಷದೊಳಗೆ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ತೋರಿಸುವ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ನೋಡಿದ್ದೀರಾ? ಪಾದ, ಕಣ್ಣು? ತಂಬಾಕಿನ ಬಗ್ಗೆ ಕೇಳಿದ್ದು ದಾಖಲಾಗಿದೆಯೇ?

ಈ ಹಾಳೆಯನ್ನು ನಾನು ಎಲ್ಲಕ್ಕಿಂತ ಮುಖ್ಯ ಎನ್ನುತ್ತೇನೆ. ನಮಗೆ ಇಷ್ಟವಾದ ವಿಷಯದ ಉಪನ್ಯಾಸಕ್ಕೆ ನಾವು ಮತ್ತೆ ಮತ್ತೆ ಹೋಗುತ್ತೇವೆ. ಕೊರತೆ ಇರುವುದು ಬೇರೆಲ್ಲೋ. ಹೊಸ ಇನ್ಸುಲಿನ್‌ಗಳ ಬಗ್ಗೆ ಎಲ್ಲ ಬಲ್ಲ ವೈದ್ಯರ ಫೈಲಿನಲ್ಲಿ ಮೂತ್ರದ ಅಲ್ಬುಮಿನ್ ಕಾಲಂ ಪೂರ್ತಿ ಖಾಲಿ ಇರಬಹುದು. ಆ ಅನುಪಾತ ಗ್ರಾಂಗೆ 30 ಮಿ.ಗ್ರಾಂ ದಾಟಿ ಅಲ್ಲಿಯೇ ನಿಂತರೆ ಮೂತ್ರಪಿಂಡಕ್ಕಷ್ಟೇ ಅಲ್ಲ, ಹೃದಯಕ್ಕೂ ಅಪಾಯ ಹೆಚ್ಚಿದೆ ಎಂದರ್ಥ, ರೋಗಿಗೆ ಯಾವ ತೊಂದರೆಯೂ ಗೊತ್ತಾಗದಿರುವಾಗಲೇ.

ಒಂದೇ ಪ್ರಶ್ನೆ ಹಿಡಿಯಿರಿ

ಹಾಳೆಯಲ್ಲಿ ಅತಿ ಹೆಚ್ಚು ಖಾಲಿ ಕಂಡದ್ದನ್ನು ಮಾತ್ರ ಎತ್ತಿಕೊಳ್ಳಿ. 'ಮಧುಮೇಹ ಕಲಿಯುತ್ತೇನೆ' ಎಂದು ಹೊರಟರೆ ದಿಕ್ಕು ಸಿಗದು. 'ಹೃದಯ ವೈಫಲ್ಯವೂ ಇರುವ ನನ್ನ ಮಧುಮೇಹಿಗಳಿಗೆ ಮೆಟ್‌ಫಾರ್ಮಿನ್ ಜೊತೆ ಮತ್ತೇನು ಕೊಡಲಿ?' ಎಂದು ಕೇಳಿಕೊಂಡರೆ ಉತ್ತರ ಒಂದು ಸಂಜೆಯಲ್ಲಿ ಸಿಗುತ್ತದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ತನ್ನ ಚಿಕಿತ್ಸಾ ಮಾನದಂಡವನ್ನು ಪ್ರತಿವರ್ಷ ಪರಿಷ್ಕರಿಸುತ್ತದೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಅದರಲ್ಲಿ ಈ ವರ್ಷ ಏನೇನು ಬದಲಾಯಿತು ಎಂಬ ಭಾಗವನ್ನೂ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಅಧ್ಯಾಯವನ್ನೂ ಓದಿದರೆ ಸಾಕು. ನಿಮ್ಮ ದೇಶದ ಮಾರ್ಗಸೂಚಿ ಬೇರೆ ಹೇಳಿದರೆ, ಏಕೆ ಎಂದು ವಿಚಾರಿಸಿ.

ಅಂಕಿಗಳನ್ನು ನೀವೇ ಲೆಕ್ಕ ಹಾಕಿ

ಎಂಪಾಗ್ಲಿಫ್ಲೋಜಿನ್ ಹೃದಯ ಸಂಬಂಧಿ ಸಾವನ್ನು ಶೇ 38ರಷ್ಟು ತಗ್ಗಿಸಿತು ಎಂಬ ಮಾತನ್ನು ಔಷಧ ಕಂಪನಿಯ ಸ್ಲೈಡುಗಳಲ್ಲಿ ನೀವು ನೋಡಿರಬಹುದು. ಅದು ನಿಜ. ಮೂಲ ಪ್ರಬಂಧ ತೆರೆದರೆ, ಸುಮಾರು ಮೂರು ವರ್ಷಗಳಲ್ಲಿ ಹಾಗೆ ಸತ್ತವರು ಪ್ಲಸೀಬೊ (ಔಷಧವಿಲ್ಲದ ಮಾತ್ರೆ) ಗುಂಪಿನಲ್ಲಿ ಶೇ 5.9, ಔಷಧ ಗುಂಪಿನಲ್ಲಿ ಶೇ 3.7. ಅಂತರ 2.2. ಅಂದರೆ ಸುಮಾರು 45 ಜನರಿಗೆ ಮೂರು ವರ್ಷ ಕೊಟ್ಟರೆ ಅಂಥ ಒಂದು ಸಾವು ತಪ್ಪುತ್ತದೆ. ಇದು ದೊಡ್ಡ ಲಾಭವೇ. ಆದರೆ ಅಧ್ಯಯನಕ್ಕೆ ಸೇರಿದವರೆಲ್ಲ ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದವರು. ಅಂಥ ಕಾಯಿಲೆ ಇಲ್ಲದ, ನಲವತ್ತರ ಆಸುಪಾಸಿನ ರೋಗಿಗೆ ಇದೇ ಲೆಕ್ಕ ಹೇಳುವಂತಿಲ್ಲ.

ಹಾನಿಯ ಕಾಲಂ ಕೂಡ ಅಷ್ಟೇ ಗಮನದಿಂದ ಓದಿ. ಈ ಗುಂಪಿನ ಔಷಧಗಳಲ್ಲಿ ಜನನಾಂಗದ ಶಿಲೀಂಧ್ರ ಸೋಂಕು ಸಾಮಾನ್ಯ. ಸಕ್ಕರೆ ಅಷ್ಟೇನೂ ಏರದೆಯೇ ಕೀಟೊಆಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಆಮ್ಲಗಳು ಮಿತಿಮೀರುವುದು) ಆಗುವುದು ಅಪರೂಪ, ಆದರೆ ಅಪಾಯಕಾರಿ. ವಾಂತಿ–ಭೇದಿ ಇದ್ದಾಗ, ಊಟ ಸೇರದಾಗ ಮಾತ್ರೆ ನಿಲ್ಲಿಸಿ ತಕ್ಷಣ ತಿಳಿಸಬೇಕೆಂದು ರೋಗಿಗೆ ಹೇಳಲು ಕಲಿಯದಿದ್ದರೆ ಔಷಧದ ಹೆಸರು ಕಲಿತೂ ಪ್ರಯೋಜನವಿಲ್ಲ.

ಕೈಗೂ ಕಲಿಸಿ

ಬಿಪಿ ನೋಡುವುದು ಎಲ್ಲರಿಗೂ ಗೊತ್ತು ಎಂದುಕೊಳ್ಳುತ್ತೇವೆ. ರೋಗಿ ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಮಾತು ಕೂಡದು, ಕಫ್ ತೋಳಿಗೆ ಹೊಂದಬೇಕು. ಚಿಕ್ಕ ಕಫ್ ಸುತ್ತಿದರೆ ಒತ್ತಡ ಇಲ್ಲದ್ದು ಇದ್ದಂತೆ ಕಾಣುತ್ತದೆ. ನರ್ಸ್, ಸಹಾಯಕರು ಎಲ್ಲರೂ ಸೇರಿ ಒಬ್ಬರಿಗೊಬ್ಬರು ಬಿಪಿ ನೋಡಿ ಅಭ್ಯಾಸ ಮಾಡಿ. ಪಾದದ ಸ್ಪರ್ಶ ನೋಡುವ 10 ಗ್ರಾಂ ಮಾನೊಫಿಲಮೆಂಟ್ ಮೇಜಿನ ಮೇಲೆಯೇ ಇರಲಿ.

ತಿಂಗಳಿಗೊಮ್ಮೆ ಇಬ್ಬರು ಮೂವರು ಸಹೋದ್ಯೋಗಿಗಳೊಂದಿಗೆ ಒಂದು ಕಷ್ಟದ ಕೇಸನ್ನು ಚರ್ಚಿಸಿ. ಫಾರ್ಮಸಿಸ್ಟರನ್ನೂ ಕರೆಯಿರಿ, ಯಾರು ಮಾತ್ರೆ ಕೊಳ್ಳುವುದನ್ನು ನಿಲ್ಲಿಸಿದ್ದಾರೆ ಎಂಬುದು ಎಷ್ಟೋ ಸಲ ಮೊದಲು ಗೊತ್ತಾಗುವುದು ಅವರಿಗೇ. ಕ್ರೆಡಿಟ್ ಅಂಕಗಳು ಬೇಕಾದರೆ ಕೋರ್ಸು ಮಾಡಿ, ಆದರೆ ಪ್ರಾಯೋಜಕರು ಯಾರೆಂದು ಮೊದಲು ನೋಡಿ.

ಮತ್ತೆ ಎಣಿಸಿ

ಮೂರು ತಿಂಗಳ ನಂತರ ಬೇರೆ ಇಪ್ಪತ್ತು ಫೈಲುಗಳನ್ನು ಅದೇ ಹಾಳೆಯ ಮೇಲೆ ತುಂಬಿ. ಕಾಲಂ ಇನ್ನೂ ಖಾಲಿಯೇ ಇದ್ದರೆ, ತಿಳಿವಳಿಕೆಗಿಂತ ವ್ಯವಸ್ಥೆಯ ಕಡೆ ನೋಡಿ: ಪರೀಕ್ಷೆಯ ಚೀಟಿ ಬರೆಯಲು ವೈದ್ಯರಿಗೇ ನೆನಪಾಗಬೇಕೆ, ಅಥವಾ ರೋಗಿ ಒಳಗೆ ಬರುವ ಮುನ್ನವೇ ನರ್ಸ್ ಬರೆದಿಡಬಹುದೇ? ತುಂಬಿದ್ದರೆ ಮುಂದಿನ ಖಾಲಿ ಕಾಲಂಗೆ ಹೋಗಿ.