ಪ್ಯಾಶನ್ ಬಳ್ಳಿ ಚಿಟ್ಟೆ ಗುರುತಿಸೋದು ಹೇಗೆ? ಬಣ್ಣ ಕೊನೇಲಿ ನೋಡಿ

ಫ್ಲೋರಿಡಾದ ಟ್ಯಾಂಪಾದಲ್ಲಿ ನಮ್ಮನೆ ಹಿಂದಿನ ಬೇಲಿಗೆ ಪ್ಯಾಶನ್ ಫ್ರೂಟ್ ಬಳ್ಳಿ ಹಬ್ಬಿಸಿ ನಾಲ್ಕು ವರ್ಷ ಆಯ್ತು, ಹಣ್ಣು ತಿಂದಿದ್ದು ಬೆರಳೆಣಿಕೆ, ಎಲೆ ಎಲ್ಲಾ ಹುಳದ ಪಾಲು. ವಿಡಿಯೋ ಕಾಲಲ್ಲಿ ನೋಡಿದಾಗೆಲ್ಲ ಅಮ್ಮ "ಹುಳ ಹತ್ತಿದೆ ಕಣೋ, ಬೇವಿನೆಣ್ಣೆ ಹೊಡಿ" ಅಂತಾಳೆ. ಬಳ್ಳಿ ಹಾಕಿದ್ದೇ ಹುಳಕ್ಕೆ, ಆ ಹುಳನೇ ಮುಂದೆ ಚಿಟ್ಟೆ ಆಗೋದು ಅಂತ ಅವಳಿಗೆ ಇನ್ನೂ ಅರ್ಥ ಮಾಡಿಸೋಕಾಗಿಲ್ಲ.

ಈ ಬಳ್ಳಿಗೆ ಬರೋ ಚಿಟ್ಟೆಗಳನ್ನ ಬೇರೆಬೇರೆ ಮಾಡೋದು ಹೇಗೆ ಅಂತ ಕೇಳೋರಿಗೆ ನಾನು ಹೇಳೋದು ಒಂದೇ, ಮೇಲಿನ ರೆಕ್ಕೆ ಬಣ್ಣ ನೋಡಿ ಹೆಸರು ಹೇಳ್ಬೇಡಿ. ನಾನೂ ಮೊದಲು ಹಾಗೇ ಮಾಡಿ ಬೇಕಾದಷ್ಟು ಸಲ ಎಡವಿದೀನಿ.

ಮೊದಲು ಮನೆತನ ತಿಳ್ಕೊಳ್ಳಿ. ನಿಂಫಾಲಿಡೇ ಅನ್ನೋ ಕುಟುಂಬ, ಇದರ ಚಿಟ್ಟೆಗಳ ಮುಂದಿನ ಎರಡು ಕಾಲು ಮೊಟಕಾಗಿ ಎದೆಗೆ ಒತ್ಕೊಂಡಿರುತ್ತೆ, ಕೂತಾಗ ನಾಲ್ಕೇ ಕಾಲು ಇದ್ದಂಗೆ ಕಾಣುತ್ತೆ. ಅದರೊಳಗೆ ಹೆಲಿಕೋನಿನೇ ಉಪಕುಟುಂಬ, ಅದರೊಳಗೆ ಹೆಲಿಕೋನಿನಿ ಅನ್ನೋ ಟ್ರೈಬ್ (ಉಪಕುಟುಂಬದೊಳಗಿನ ಚಿಕ್ಕ ಗುಂಪು; ಜೀನಸ್ ಅಂದ್ರೆ ಅದಕ್ಕಿಂತಲೂ ಚಿಕ್ಕದು, ಹತ್ತಿರದ ಜಾತಿಗಳ ಗುಂಪು). ನಿಜವಾದ ಪ್ಯಾಶನ್ ಬಳ್ಳಿ ಚಿಟ್ಟೆಗಳು ಅಂದ್ರೆ ಇವೇ, 70ಕ್ಕೂ ಹೆಚ್ಚು ಜಾತಿ, ಬಹುಪಾಲು ಮಧ್ಯ ಮತ್ತು ದಕ್ಷಿಣ ಅಮೆರಿಕದವು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಲಿಕೋನಿಯಸ್ ಒಂದೇ ಜೀನಸ್‌ಗೆ ಸೇರಿದ್ದು. ನಮ್ಮ ಹಿತ್ತಲಿಗೆ ಬರೋದು ಮೂರೇ: ಕಪ್ಪು ಮೈಗೆ ಹಳದಿ ಪಟ್ಟೆ ಇರೋ ಝೀಬ್ರಾ ಲಾಂಗ್‌ವಿಂಗ್ (1996ರಿಂದ ಇದು ಫ್ಲೋರಿಡಾದ ರಾಜ್ಯ ಚಿಟ್ಟೆ), ಗಲ್ಫ್ ಫ್ರಿಟಿಲರಿ, ಅಪರೂಪಕ್ಕೆ ಜೂಲಿಯಾ.

ಚಿಟ್ಟೆ ಹಿಂದೆ ಓಡೋ ಬದ್ಲು ಬಳ್ಳಿ ಹತ್ರ ಕೂತ್ಕೊಳ್ಳಿ. ಹೆಣ್ಣು ಚಿಗುರಿನ ಹತ್ರ ಬಂದು ಮುಂಗಾಲಿಂದ ಎಲೆನ ಟಪಟಪ ತಟ್ಟಿ ರುಚಿ ನೋಡುತ್ತೆ, ಆಮೇಲೇ ಮೊಟ್ಟೆ. ಹಳದಿ ಬಣ್ಣದ, ಉದ್ದಕ್ಕೆ ಗೀರು ಇರೋ ಪುಟ್ಟ ಪೀಪಾಯಿ ಥರದ್ದು. ಆದ್ರೆ ಹಳದಿ ಚುಕ್ಕೆ ಎಲ್ಲಾ ಮೊಟ್ಟೆ ಅಂದ್ಕೋಬೇಡಿ, ಕೆಲವು ಜಾತಿ ಪ್ಯಾಶನ್ ಬಳ್ಳಿಗಳು ತಾವೇ ಮೊಟ್ಟೆ ಥರದ ಗುಳ್ಳೆ ಬೆಳೆಸ್ಕೊಳ್ತವೆ, ಸೀಟಿನ ಮೇಲೆ ಟವಲ್ ಹಾಕಿದಂಗೆ, ಇಲ್ಲಿ ಆಗ್ಲೇ ಯಾರೋ ಮೊಟ್ಟೆ ಇಟ್ಟಿದಾರೆ ಅಂತ ಚಿಟ್ಟೆ ಮುಂದಕ್ಕೆ ಹೋಗ್ಲಿ ಅಂತ.

ಆಮೇಲೆ ಹುಳ ನೋಡಿ, ಇದು ರೆಕ್ಕೆಗಿಂತ ಎಷ್ಟೋ ನಂಬಿಗಸ್ತ. ಬೆಳ್ಳಗಿದ್ದು ಕರಿ ಮುಳ್ಳಿದ್ರೆ ಝೀಬ್ರಾ, ಕಿತ್ತಳೆ ಮೈಗೆ ಕರಿ ಮುಳ್ಳಿದ್ರೆ ಗಲ್ಫ್ ಫ್ರಿಟಿಲರಿ. ಮುಳ್ಳು ನೋಡಿ ಹೆದರ್ಬೇಡಿ, ನಮ್ಮೂರ ಕಂಬಳಿಹುಳದ ಥರ ತುರಿಕೆ ಏನೂ ಬರಲ್ಲ.

ಮೂರನೇದು, ರೆಕ್ಕೆ ಮಡಚಿ ಕೂತಾಗಿನ ಫೋಟೋ. ಮೇಲಿಂದ ನೋಡಿದ್ರೆ ಜೂಲಿಯಾನೂ ಕಿತ್ತಳೆ, ಗಲ್ಫ್ ಫ್ರಿಟಿಲರಿನೂ ಕಿತ್ತಳೆ, ಆದ್ರೆ ಫ್ರಿಟಿಲರಿ ರೆಕ್ಕೆ ಮುಚ್ಚಿದ ತಕ್ಷಣ ಕೆಳಗಡೆ ಬೆಳ್ಳಿ ಚುಕ್ಕೆ ಪಳಪಳ ಅನ್ನುತ್ತೆ, ಜೂಲಿಯಾಗೆ ಆ ಬೆಳ್ಳಿ ಇಲ್ಲ. ಅಂದಹಾಗೆ ಫ್ರಿಟಿಲರಿಯ ವೈಜ್ಞಾನಿಕ ಹೆಸರಲ್ಲಿ ವನಿಲ್ಲೇ ಅಂತಿದೆ, ಹಾಗಂತ ಇದರ ಹುಳ ವೆನಿಲ್ಲಾ ತಿನ್ನಲ್ಲ. ಹಳೇ ಪುಸ್ತಕಗಳಲ್ಲಿ ಅಗ್ರೌಲಿಸ್ ಜೀನಸ್, ಈಗ ಕೆಲವರು ಡಯೋನೆಗೆ ಸೇರಿಸ್ತಾರೆ, ಎರಡೂ ಹೆಸರು ಕಂಡ್ರೆ ಗಾಬರಿ ಬೇಡ.

ನಾಲ್ಕನೇದು ನನಗೆ ಎಲ್ಲಕ್ಕಿಂತ ಇಷ್ಟ, ಸೊಂಡಿಲು. ಝೀಬ್ರಾ ಹೂವಿಂದ ಎದ್ದಾಗ ಸೊಂಡಿಲಿನ ಬುಡಕ್ಕೆ ಹಳದಿ ಹಿಟ್ಟಿನ ಮುದ್ದೆ ಅಂಟ್ಕೊಂಡಿರುತ್ತೆ. ಅದು ಪರಾಗ. ಸೊಂಡಿಲನ್ನ ಸುತ್ತೋದು ಬಿಚ್ಚೋದು ಮಾಡ್ತಾ, ಎಂಜಲಲ್ಲಿ ನೆನೆಸಿ, ಅದರ ಸಾರ ಹೀರ್ಕೊಳ್ಳುತ್ತೆ. ಬೇರೆ ಬಹುಪಾಲು ಚಿಟ್ಟೆಗಳಿಗೆ ಮಕರಂದದಂಥ ರಸವೇ ಊಟ, ಹೆಲಿಕೋನಿಯಸ್‌ಗೆ ಹೀಗೆ ಪ್ರೋಟೀನೂ ಸಿಗೋದ್ರಿಂದ ತಿಂಗಳುಗಟ್ಟಲೆ ಬದುಕಿ ಮೊಟ್ಟೆ ಇಡ್ತಾನೇ ಇರುತ್ತೆ. ಸೊಂಡಿಲಲ್ಲಿ ಮುದ್ದೆ ಕಂಡ್ರೆ ಜೀನಸ್ ಹೆಲಿಕೋನಿಯಸ್ ಅಂತ ಧೈರ್ಯವಾಗಿ ಬರ್ಕೊಳ್ಳಿ, ಕಾಣದಿದ್ರೆ ಮಾತ್ರ ಅಲ್ಲ ಅಂತ ತೀರ್ಮಾನ ಮಾಡ್ಬೇಡಿ, ಆ ಜೀನಸ್‌ನಲ್ಲೂ ಪರಾಗ ತಿನ್ನದ ಕೆಲವು ಜಾತಿ ಇವೆ.

ಬಣ್ಣ ಯಾಕೆ ಕೊನೇಲಿ ಅಂತೀನಿ ಅಂದ್ರೆ, ಫ್ಲೋರಿಡಾ ಬಿಟ್ಟು ಪನಾಮಾ, ಪೆರು ಕಡೆ ಹೋದ್ರೆ ಆಟ ಪೂರ್ತಿ ಬದಲಾಗುತ್ತೆ. ಅಲ್ಲಿ ಎರಾಟೊ, ಮೆಲ್ಪೊಮಿನಿ ಅಂತ ಎರಡು ಹೆಲಿಕೋನಿಯಸ್ ಜಾತಿ, 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಗ್ರೀಕ್ ಕಲಾದೇವತೆಗಳ ಹೆಸರಿಟ್ಟಿದ್ದು. ಹತ್ತಿರದ ಅಕ್ಕತಂಗೀರಲ್ಲ, ಆದ್ರೂ ಒಂದೂರಲ್ಲಿ ಎರಡಕ್ಕೂ ಒಂದೇ ಸೀರೆ, ಇನ್ನೊಂದೂರಿಗೆ ಹೋದ್ರೆ ಎರಡೂ ಜೊತೆಗೇ ಸೀರೆ ಬದಲಾಯಿಸಿರ್ತವೆ! ಇದಕ್ಕೆ ಕಾರಣ ಹೇಳಿದ್ದು ಬ್ರೆಜಿಲ್‌ನಲ್ಲಿದ್ದ ಜೀವವಿಜ್ಞಾನಿ ಫ್ರಿಟ್ಝ್ ಮುಲ್ಲರ್, 1870ರ ದಶಕದ ಕೊನೇಲಿ. ಎರಡೂ ಕಹಿ, ಮೈಯಲ್ಲಿ ಸಯನೈಡ್ ಬಿಡೋ ವಿಷ ಇದೆ, ಎರಡಕ್ಕೂ ಒಂದೇ ವೇಷ ಇದ್ರೆ ಈ ವೇಷದ್ದು ಕಹಿ ಅಂತ ಹಕ್ಕಿಗಳಿಗೆ ಪಾಠ ಕಲಿಸೋವಾಗ ಆಗೋ ಸಾವಿನ ನಷ್ಟ ಎರಡಕ್ಕೂ ಹಂಚಿ ಹೋಗುತ್ತೆ. ನ್ಯುಮಾಟಾ ಅನ್ನೋ ಇನ್ನೊಂದು ಹೆಲಿಕೋನಿಯಸ್‌ದು ಇದಕ್ಕೆ ಉಲ್ಟಾ, ಒಂದೇ ಜಾತಿ, ಒಂದೇ ಕಾಡು, ಹಲವು ವೇಷ. ಈಗ ಹೇಳಿ, ಬಣ್ಣ ನೋಡಿ ವಿಂಗಡಿಸಿದ್ರೆ ಗತಿ ಏನು?

ಅಲ್ಲಿ ನಡವಳಿಕೆ ಕೈ ಹಿಡಿಯುತ್ತೆ. ಎರಾಟೊ ಗಂಡುಗಳು ಹೆಣ್ಣು ಇನ್ನೂ ಒಳಗಿರೋ ಗೂಡಿನ (ಪ್ಯೂಪಾ) ಮೇಲೇ ಕೂತು ಕಾಯ್ತವೆ, ಹೊರಗೆ ಬರೋ ಹೊತ್ತಿಗೇ ಕೂಡ್ತವೆ. ಮೆಲ್ಪೊಮಿನಿ ಹಾಗೆ ಮಾಡಲ್ಲ. ಝೀಬ್ರಾ ಎರಾಟೊ ಬಳಗದ್ದು, ನಮ್ಮ ಬೇಲೀಲೂ ಒಣಗಿದ ಎಲೆ ಥರ ಮುದುಡಿಕೊಂಡಿರೋ ಒಂದೇ ಗೂಡಿಗೆ ಮೂರು ಗಂಡು ಜೋತು ಬಿದ್ದು ತಳ್ಳಾಡಿದ್ದನ್ನ ಬೆಳಗಿನ ಕಾಫಿ ಆರಿಹೋಗೋವರೆಗೂ ನಿಂತು ನೋಡಿದೀನಿ.

ಕರ್ನಾಟಕದಲ್ಲಿರೋರು ಇದನ್ನೆಲ್ಲ ಎಲ್ಲಿ ಟ್ರೈ ಮಾಡೋದು ಅಂದ್ರೆ, ಹೆಲಿಕೋನಿಯಸ್ ಅಲ್ಲಿ ಇಲ್ಲ, ಆದ್ರೆ ಅದೇ ಉಪಕುಟುಂಬದ ಟಾನಿ ಕೋಸ್ಟರ್ ಅನ್ನೋ ಚಿಟ್ಟೆ ಇದೆ, ಟ್ರೈಬ್ ಮಾತ್ರ ಬೇರೆ, ಅಕ್ರೇನಿ. ಬೇಲಿ ಮೇಲೆ ತಾನಾಗೇ ಹಬ್ಬೋ, ಕಾಯಿ ಸುತ್ತ ಹಸಿರು ಬಲೆ ಇರೋ ಕಾಡು ಪ್ಯಾಶನ್ ಬಳ್ಳಿ ಹುಡುಕಿ, ಅದು ಅಮೆರಿಕದಿಂದ ಬಂದಿದ್ದು, ನಮ್ಮ ಚಿಟ್ಟೆ ಆರಾಮಾಗಿ ಒಗ್ಗಿಸ್ಕೊಂಡಿದೆ. ಕೆಂಗಂದು ಮೈಗೆ ಕವಲು ಮುಳ್ಳಿರೋ ಹುಳ, ನಿಧಾನಕ್ಕೆ ಹಾರೋ ಕಿತ್ತಳೆ ಚಿಟ್ಟೆ, ಹಿಡಿದ್ರೆ ಹಳದಿ ರಸ ಬಿಡುತ್ತೆ. ಫೋಟೋ ತೆಗೆಯೋವಾಗ ಮಡಚಿದ ರೆಕ್ಕೆ ಒಂದು, ಹುಳ ಒಂದು, ಕೂತಿದ್ದ ಬಳ್ಳಿಯ ಎಲೆ ಒಂದು. ಎಲೆ ಫೋಟೋ ಇಲ್ಲದೆ ಬರೀ ರೆಕ್ಕೆ ಕಳಿಸಿ ಇದ್ಯಾವುದು ಹೇಳಿ ಅಂದ್ರೆ ನಾನಂತೂ ಹೇಳಲ್ಲ.